ತೆಳು ಪದರದ ಸೌರಕೋಶಕ್ಕೆ ಕ್ಷಾರ ಲೋಹದ ಉಪಚಾರ: ಪ್ರಯೋಗ ಮಾಡುವವರಿಗೊಂದು ಕೈಪಿಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಕಾಲುವೆ ಭೂಮಿಯನ್ನು ಕಂಡವರಿಗೆ ಸೋಡಿಯಂ ಎಂದೊಡನೆ ನೆನಪಾಗುವುದು ಸವಳು. ಬೆಳ್ಳಗೆ ಉಪ್ಪೆದ್ದ ಆ ನೆಲದಲ್ಲಿ ಸೋಡಿಯಂ ಹೆಚ್ಚಿದಂತೆ ಮಣ್ಣಿನ ಕಟ್ಟು ಸಡಿಲವಾಗುತ್ತದೆ, ನೀರು ಕೆಳಗಿಳಿಯುವುದಿಲ್ಲ, ಪೈರು ಸೊರಗುತ್ತದೆ. ಕ್ಷಾರ ಲೋಹಗಳ ಗುಂಪಿಗೆ ಸೇರಿದ ಅದೇ ಸೋಡಿಯಂ, ಸಾವಿರ ಪರಮಾಣುಗಳಿಗೆ ಒಂದರಷ್ಟು ಪ್ರಮಾಣದಲ್ಲಿ, ತಾಮ್ರ, ಇಂಡಿಯಂ, ಗ್ಯಾಲಿಯಂ ಮತ್ತು ಸೆಲೆನಿಯಂ ಸೇರಿ ಆದ ಸಿಐಜಿಎಸ್ ಎಂಬ ಅರೆವಾಹಕದೊಳಗೆ ಹೋದರೆ ಸೌರಕೋಶದ ವೋಲ್ಟೇಜು ಏರುತ್ತದೆ. ಪ್ರಮಾಣ ಮೀರಿದರೆ ಪದರ ಗಾಜಿನಿಂದ ಕಿತ್ತು ಬರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಸ್ನಾತಕೋತ್ತರ ಪ್ರಾಜೆಕ್ಟಿಗೋ ಸಂಶೋಧನೆಗೋ ಈ ವಿಷಯವನ್ನು ಎತ್ತಿಕೊಂಡವರು ಪ್ರಯೋಗವನ್ನು ಹೇಗೆ ನಡೆಸಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸದಲ್ಲಿ ನಾವು ಅಳೆದು ಹಾಕಿದ ಸೋಡಿಯಂಗಿಂತ, ನಾವು ಹಾಕದೆ ತಾನಾಗಿ ಬಂದು ಸೇರಿದ ಸೋಡಿಯಂ ಹೆಚ್ಚು ಫಲಿತಾಂಶಗಳನ್ನು ಕೆಡಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಉಪಚಾರದ ವಿಧಾನಕ್ಕಿಂತ ಮೊದಲು ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಳಗೆ ನಡೆಯುವುದೇನು

ಸಿಐಜಿಎಸ್ ಕೋಶವನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾರೆ. ಸಾಮಾನ್ಯ ಕಿಟಕಿ ಗಾಜಿನ ಜಾತಿಯ ಸೋಡಾ-ಲೈಮ್ ಗಾಜಿನ ಮೇಲೆ ಅರ್ಧದಿಂದ ಒಂದು ಮೈಕ್ರೊಮೀಟರ್ ದಪ್ಪದ ಮಾಲಿಬ್ಡಿನಂ, ಅದರ ಮೇಲೆ ಬೆಳಕನ್ನು ಹೀರುವ ಸುಮಾರು 2 ಮೈಕ್ರೊಮೀಟರಿನ ಸಿಐಜಿಎಸ್, ಅದರ ಮೇಲೆ 50 ನ್ಯಾನೊಮೀಟರ್ ಆಸುಪಾಸಿನ ಕ್ಯಾಡ್ಮಿಯಂ ಸಲ್ಫೈಡ್, ಕೊನೆಗೆ ಜಿಂಕ್ ಆಕ್ಸೈಡಿನ ಪಾರದರ್ಶಕ ಪದರಗಳು. ಗಾಜಿನ ತೂಕದಲ್ಲಿ ಶೇ. 13ರಿಂದ 15ರಷ್ಟು ಸೋಡಿಯಂ ಆಕ್ಸೈಡ್ ಇರುತ್ತದೆ. ಸಿಐಜಿಎಸ್ ಬೆಳೆಸುವಾಗ ಗಾಜನ್ನು 500 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸುವುದರಿಂದ, ಈ ಸೋಡಿಯಂ ಮಾಲಿಬ್ಡಿನಂನ ಹರಳುಕಣಗಳ ಸಂದುಗಳಲ್ಲಿ ಮೇಲೇರಿ ಹೀರುಪದರವನ್ನು ಸೇರುತ್ತದೆ. ಸೋಡಾ-ಲೈಮ್ ಗಾಜಿನ ಮೇಲೆ ಕಟ್ಟಿದ ಕೋಶಗಳು ಉತ್ತಮವಾಗಿರುವುದಕ್ಕೆ ಗಾಜಿನಿಂದ ಬಂದ ಸೋಡಿಯಂ ಕಾರಣವೆಂದು 1993ರಲ್ಲಿ ಯುರೋಪಿನ ಸಂಶೋಧಕರು ತೋರಿಸಿದರು. ಅಲ್ಲಿಯವರೆಗೆ ಅಗ್ಗದ ಗಾಜು ಎಂಬ ಕಾರಣಕ್ಕೆ ಬಳಸಿದ್ದು, ಅಂದಿನಿಂದ ಗುಣಕ್ಕಾಗಿ ಬಳಸುವ ವಸ್ತುವಾಯಿತು.

ಸೋಡಿಯಂ ಮಾಡುವ ಕೆಲಸದಲ್ಲಿ ಮುಖ್ಯವಾದದ್ದು ಕುಳಿಗಳ, ಅಂದರೆ ಧನ ವಿದ್ಯುದಂಶ ಹೊತ್ತ ವಾಹಕಗಳ, ಸಾಂದ್ರತೆಯನ್ನು ಹೆಚ್ಚಿಸುವುದು. ಸಿಐಜಿಎಸ್‌ನಲ್ಲಿ ತಾಮ್ರ ಇರಬೇಕಾದ ಜಾಗ ಖಾಲಿ ಉಳಿದರೆ ಅದು ಕುಳಿಯನ್ನು ಕೊಡುತ್ತದೆ. ತಾಮ್ರದ ಜಾಗದಲ್ಲಿ ಇಂಡಿಯಂ ಕುಳಿತರೆ ಅದು ಆ ಕುಳಿಯನ್ನು ನುಂಗುತ್ತದೆ. ಸೋಡಿಯಂ ಇಂತಹ ಇಂಡಿಯಂ ದೋಷಗಳನ್ನು ಕಡಿಮೆ ಮಾಡುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಹರಳುಕಣಗಳ ಗಡಿಗಳಲ್ಲಿ ಸೇರಿ ಅಲ್ಲಿನ ದೋಷಗಳನ್ನು ನಿಷ್ಕ್ರಿಯಗೊಳಿಸುವುದು ಅದರ ಇನ್ನೊಂದು ಕೆಲಸ. ಕುಳಿಗಳ ಸಾಂದ್ರತೆ ಹತ್ತು ಪಟ್ಟಾದರೆ, ಉಳಿದದ್ದೆಲ್ಲ ಹಾಗೆಯೇ ಇದ್ದಲ್ಲಿ, 25 ಡಿಗ್ರಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜು (ಪ್ರವಾಹ ಹರಿಯದಿರುವಾಗ ಕೋಶದ ತುದಿಗಳಲ್ಲಿ ಕಾಣುವ ವೋಲ್ಟೇಜು) ಸುಮಾರು 60 ಮಿಲಿವೋಲ್ಟ್ ಏರಬೇಕೆಂದು ಸಿದ್ಧಾಂತ ಹೇಳುತ್ತದೆ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಳತೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂಗಳ ಕಥೆ ಸ್ವಲ್ಪ ಬೇರೆ. ಸೋಡಿಯಂ ಅಯಾನಿನ ತ್ರಿಜ್ಯ 1.02 ಆಂಗ್‌ಸ್ಟ್ರಾಮ್ ಆದರೆ ಪೊಟ್ಯಾಸಿಯಂನದು 1.38, ರುಬಿಡಿಯಂನದು 1.52, ಸೀಸಿಯಂನದು 1.67. ಇಷ್ಟು ದೊಡ್ಡ ಅಯಾನುಗಳಿಗೆ ಹರಳಿನೊಳಗೆ ತಾಮ್ರದ ಜಾಗ ಸಾಲದು; ಅವು ಹೆಚ್ಚಾಗಿ ಕಣಗಳ ಗಡಿಯಲ್ಲೂ ಪದರದ ಮೇಲ್ಮೈಯಲ್ಲೂ ನಿಲ್ಲುತ್ತವೆ. ಅಷ್ಟೇ ಅಲ್ಲ, ಈಗಾಗಲೇ ಅಲ್ಲಿದ್ದ ಸೋಡಿಯಂ ಅನ್ನು ಹೊರದೂಡುತ್ತವೆ. ಸವಳು ಭೂಮಿಗೆ ಜಿಪ್ಸಂ ಹಾಕಿದಾಗ ಆಗುವುದನ್ನು ನಮ್ಮ ರೈತರು ಬಲ್ಲರು: ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಬಸಿದು ಹೋಗುತ್ತದೆ. ಅಯಾನು ವಿನಿಮಯದ ಆ ತತ್ವವೇ ಇಲ್ಲಿಯೂ ನಡೆಯುತ್ತದೆ. ಹೊರಬಂದ ಸೋಡಿಯಂ ಮೇಲ್ಮೈಯಲ್ಲಿ ಸೇರುತ್ತದೆ, ಅದನ್ನು ತೊಳೆದು ತೆಗೆಯಬೇಕಾಗುತ್ತದೆ.

ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಎಂಬ ಈ ಭಾರದ ಕ್ಷಾರ ಲೋಹಗಳು ಮೇಲ್ಮೈಯಲ್ಲಿ ತಾಮ್ರವನ್ನು ಕಡಿಮೆ ಮಾಡಿ, ಇಂಡಿಯಂ ಮತ್ತು ಸೆಲೆನಿಯಂ ಜೊತೆ ತೀರ ತೆಳುವಾದ ಸಂಯುಕ್ತವೊಂದನ್ನು ಉಂಟುಮಾಡುತ್ತವೆ. ಇದರಿಂದ ಕ್ಯಾಡ್ಮಿಯಂ ಸಲ್ಫೈಡ್ ಪದರವನ್ನು ಇನ್ನೂ ತೆಳುವಾಗಿಸಿದರೂ ಎರಡು ಪದರಗಳು ಕೂಡುವ ಸಂಧಿ ಕೆಡುವುದಿಲ್ಲ, ನೀಲಿ ಬೆಳಕು ವ್ಯರ್ಥವಾಗುವುದು ತಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆ 2013ರಲ್ಲಿ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಸೋಡಿಯಂ ಫ್ಲೋರೈಡ್ ನಂತರ ಪೊಟ್ಯಾಸಿಯಂ ಫ್ಲೋರೈಡ್ ಉಪಚಾರ ಕೊಟ್ಟು ಶೇ. 20.4ರ ದಕ್ಷತೆ ಪಡೆಯಿತು. 2016ರಲ್ಲಿ ಜರ್ಮನಿಯ ಝಡ್‌ಎಸ್‌ಡಬ್ಲ್ಯೂ ಸಂಶೋಧನಾ ಸಂಸ್ಥೆ ರುಬಿಡಿಯಂ ಬಳಸಿ ಶೇ. 22.6, 2019ರಲ್ಲಿ ಜಪಾನಿನ ಸೋಲಾರ್ ಫ್ರಾಂಟಿಯರ್ ಕಂಪನಿ ಸೀಸಿಯಂ ಬಳಸಿ ಶೇ. 23.35 ಮುಟ್ಟಿದವು. 2024ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯ ಮತ್ತು ಅದರ ಜೊತೆಗಾರರು ಪ್ರಕಟಿಸಿದ ಶೇ. 23.64ರ ಕೋಶದಲ್ಲೂ ರುಬಿಡಿಯಂ ಫ್ಲೋರೈಡ್ ಉಪಚಾರವಿದೆ. ಬೆಳ್ಳಿ ಬೆರೆಸಿದ್ದೂ ಗ್ಯಾಲಿಯಂ ಹಂಚಿಕೆಯನ್ನು ತಿದ್ದಿದ್ದೂ ಅದರ ಬೇರೆ ಕಾರಣಗಳು.

ಕರೆಯದೆ ಬರುವ ಸೋಡಿಯಂ

ಯಾವ ಪ್ರಯೋಗಕ್ಕೂ ಸೋಡಿಯಂ ಇಲ್ಲದ ಒಂದು ಮಾದರಿ ಬೇಕು. ಅದಿಲ್ಲದೆ ಉಪಚಾರದ ಫಲ ಇಷ್ಟು ಎಂದು ಹೇಳಲಾಗದು. ಇಲ್ಲಿ ನಾನೇ ಒಂದು ವರ್ಷ ಕಳೆದುಕೊಂಡಿದ್ದೇನೆ. ಸೋಡಾ-ಲೈಮ್ ಗಾಜಿನ ಬದಲು ಬೊರೊಸಿಲಿಕೇಟ್ ಗಾಜು ಹಾಕಿದರೆ ಸೋಡಿಯಂ ತಪ್ಪಿತು ಎಂದು ನಂಬಿ ಕೆಲಸ ಮಾಡಿದೆ. ಸೋಡಿಯಂ ಹಾಕಿದ ಮಾದರಿಗೂ ಹಾಕದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಪ್ರಯೋಗಾಲಯದ ಬೀಕರುಗಳಿಗೆ ಬಳಸುವ ಬೊರೊಸಿಲಿಕೇಟ್ ಗಾಜಿನಲ್ಲೂ ಶೇ. 4ರಷ್ಟು ಸೋಡಿಯಂ ಆಕ್ಸೈಡ್ ಇರುತ್ತದೆಂದು ತಿಳಿದದ್ದು ಆ ಮೇಲೆ. ಹೀರುಪದರಕ್ಕೆ ಬೇಕಾದದ್ದು ಅತ್ಯಲ್ಪವಾದ್ದರಿಂದ ಆ ಶೇ. 4 ಕೂಡ ಪ್ರಯೋಗವನ್ನು ಕೆಡಿಸಲು ಸಾಕು.

ಕ್ವಾರ್ಟ್ಜ್ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದರಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆದರೆ ಕಾಯಿಸಿದಾಗ ಸೋಡಾ-ಲೈಮ್ ಗಾಜು ಹಿಗ್ಗುವುದರ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಕ್ವಾರ್ಟ್ಜ್ ಹಿಗ್ಗುತ್ತದೆ. ತಣಿಯುವಾಗ ಸಿಐಜಿಎಸ್ ಎಳೆದಾಡಿ ಬಿರುಕು ಬಿಡುತ್ತದೆ. ಆಗ ಕಂಡ ವ್ಯತ್ಯಾಸ ಸೋಡಿಯಂನದೋ ಬಿರುಕಿನದೋ ತಿಳಿಯುವುದಿಲ್ಲ. ಎಲ್ಲ ಮಾದರಿಗಳನ್ನೂ ಸೋಡಾ-ಲೈಮ್ ಗಾಜಿನ ಮೇಲೆಯೇ ಮಾಡಿ, ಸೋಡಿಯಂ ಬೇಡವಾದಲ್ಲಿ ಮಾಲಿಬ್ಡಿನಂ ಕೆಳಗೆ ಅಲ್ಯೂಮಿನಾ ಅಥವಾ ಸಿಲಿಕಾನ್ ಆಕ್ಸಿನೈಟ್ರೈಡ್‌ನ ತಡೆಪದರ ಹಾಕುವುದೇ ಸರಿಯಾದ ದಾರಿ. ಹಿಗ್ಗುವಿಕೆ ಒಂದೇ, ಕಾಯುವ ಬಗೆ ಒಂದೇ, ಬದಲಾಗುವುದು ಸೋಡಿಯಂ ಮಾತ್ರ.

ಅಂಗಡಿಯಲ್ಲಿ ಸಿಗುವ ಫ್ಲೋಟ್ ಗಾಜಿಗೆ ಎರಡು ಮುಖಗಳಿವೆ ಎಂಬುದನ್ನೂ ಮರೆಯಬಾರದು. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಈ ಗಾಜಿನ ಒಂದು ಮುಖದಲ್ಲಿ ತವರದ ಅಂಶ ಉಳಿದಿರುತ್ತದೆ, ಹಾಗಾಗಿ ಎರಡು ಮುಖಗಳಿಂದ ಸೋಡಿಯಂ ಹೊರಬರುವ ಬಗೆ ಒಂದೇ ಆಗಿರುವುದಿಲ್ಲ. ಕತ್ತಲೆಯಲ್ಲಿ 254 ನ್ಯಾನೊಮೀಟರಿನ ಅತಿನೇರಳೆ ದೀಪ ಹಿಡಿದರೆ ತವರದ ಮುಖ ಮಂಕಾಗಿ ಹಾಲುಬಣ್ಣದಲ್ಲಿ ಹೊಳೆಯುತ್ತದೆ. ಕಣ್ಣಿಗೆ ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಂಡು ನೋಡಿ, ಪ್ರತಿ ತುಂಡಿನ ಮೂಲೆಯಲ್ಲಿ ವಜ್ರದ ಕಡ್ಡಿಯಿಂದ ಗುರುತು ಹಾಕಿ, ಎಲ್ಲ ಲೇಪಗಳನ್ನೂ ಗಾಳಿಯ ಮುಖದ ಮೇಲೆಯೇ ಮಾಡಿರಿ.

ಇನ್ನು ನಮ್ಮ ಬೇಸಿಗೆ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಖೆಯಲ್ಲಿ ಕೈ ಬೆವರದೆ ಇರುವುದಿಲ್ಲ, ಬೆವರಿನಲ್ಲಿ ಇರುವುದು ಸೋಡಿಯಂ ಕ್ಲೋರೈಡ್. ಒಂದು ಬೆರಳಚ್ಚು ಮಾದರಿಯ ಮೇಲೆ ಬಿದ್ದರೆ ಅಲ್ಲಿ ನೀವು ಬಯಸದ ಉಪಚಾರ ಆಗಿಹೋಯಿತು. ನೈಟ್ರೈಲ್ ಕೈಗವಸನ್ನು ಗಂಟೆಗೊಮ್ಮೆ ಬದಲಾಯಿಸಿ, ಗಾಜನ್ನು ಚಿಮಟದಿಂದ ಅಂಚಿನಲ್ಲಿ ಮಾತ್ರ ಹಿಡಿಯಿರಿ. ಗಾಜು ತೊಳೆಯುವ ಹೆಚ್ಚಿನ ಸಾಬೂನು ದ್ರವಗಳೂ ಸೋಡಿಯಂ ಲವಣಗಳೇ. ಬೋರ್‌ವೆಲ್ ನೀರಿನಲ್ಲೂ ಸೋಡಿಯಂ ಇದ್ದೇ ಇರುತ್ತದೆ. ಸಾಬೂನಿನ ನಂತರ ಅಯಾನುರಹಿತ ನೀರಿನಲ್ಲಿ ಮೂರು ಬಾರಿ, ಪ್ರತಿ ಬಾರಿ ಹೊಸ ನೀರಿನಲ್ಲಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ತೊಳೆಯಬೇಕು. ಸೋಡಿಯಂ ಬೇಡದ ಮಾದರಿಗೂ ಬೇಕಾದ ಮಾದರಿಗೂ ಒಂದೇ ತಟ್ಟೆ, ಒಂದೇ ಚಿಮಟ ಬಳಸಬೇಡಿ. ಲವಣವನ್ನು ಆವಿಯಾಗಿಸಿ ಲೇಪಿಸುವ ನಿರ್ವಾತ ಚೇಂಬರಿನ ಗೋಡೆಯ ಮೇಲೆ ಹಿಂದಿನ ಸಲ ಲೇಪಿಸಿದ ಸೋಡಿಯಂ ಫ್ಲೋರೈಡ್ ಕೂತಿರುತ್ತದೆ. ಸೋಡಿಯಂರಹಿತ ಮಾದರಿಗಳನ್ನು ಆ ದಿನದ ಮೊದಲ ಸರದಿಯಲ್ಲಿಯೇ ಮುಗಿಸುವುದು ಲೇಸು.

ಎಷ್ಟು ಹಾಕಬೇಕು, ಹೇಗೆ ಹಾಕಬೇಕು

ಸೋಡಿಯಂ ಕೊಡಲು ಮೂರು ಸಮಯಗಳಿವೆ: ಸಿಐಜಿಎಸ್‌ಗೆ ಮೊದಲು, ಬೆಳೆಯುವಾಗ, ಬೆಳೆದ ಮೇಲೆ. ಮೊದಲೇ ಅಥವಾ ಬೆಳೆಯುವಾಗ ಕೊಟ್ಟರೆ ಸೋಡಿಯಂ ಇಂಡಿಯಂ-ಗ್ಯಾಲಿಯಂ ಬೆರೆಯುವುದಕ್ಕೆ ಅಡ್ಡಿ ಬರುತ್ತದೆ, ಕಡಿಮೆ ಉಷ್ಣತೆಯಲ್ಲಿ ಹರಳುಕಣಗಳು ಸಣ್ಣದಾಗುತ್ತವೆ, ಹೆಚ್ಚಾದರೆ ಮಾಲಿಬ್ಡಿನಂ ಹಿಡಿತ ತಪ್ಪುತ್ತದೆ. ಬೆಳೆದ ಮೇಲೆ ಕೊಡುವ ವಿಧಾನದಲ್ಲಿ ಹರಳಿನ ಬೆಳವಣಿಗೆಯೂ ಸೋಡಿಯಂ ಪರಿಣಾಮವೂ ಬೇರೆ ಬೇರೆಯಾಗಿ ಉಳಿಯುವುದರಿಂದ ಕಲಿಯುವವರಿಗೆ ಇದನ್ನೇ ಶಿಫಾರಸು ಮಾಡುತ್ತೇನೆ.

ಸೋಡಿಯಂ ಅನ್ನು ಕೊಡುವುದು ಸೋಡಿಯಂ ಫ್ಲೋರೈಡ್ ಲವಣದ ತೆಳು ಲೇಪವಾಗಿ; ಅದರ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಸೋಡಿಯಂ ಫ್ಲೋರೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.56 ಗ್ರಾಂ, ಅಣುತೂಕ 42. 15 ನ್ಯಾನೊಮೀಟರ್ ದಪ್ಪದ ಲೇಪವೆಂದರೆ ಚದರ ಸೆಂಟಿಮೀಟರಿಗೆ 3.84 ಮೈಕ್ರೊಗ್ರಾಂ. ಅದರ ಕೆಳಗಿರುವ 2 ಮೈಕ್ರೊಮೀಟರ್ ಸಿಐಜಿಎಸ್‌ನ ಒಟ್ಟು ಪರಮಾಣುಗಳಿಗೆ ಹೋಲಿಸಿದರೆ ಈ ಸೋಡಿಯಂ ಶೇ. 0.65ರಷ್ಟಾಗುತ್ತದೆ. ಹೀರುಪದರಕ್ಕೆ ಬೇಕಾದದ್ದು ಶೇ. 0.1ರ ಆಸುಪಾಸು. ಅಂದರೆ 15 ನ್ಯಾನೊಮೀಟರಿನಲ್ಲೇ ಬೇಕಾದುದಕ್ಕಿಂತ ಆರು ಪಟ್ಟು ಹೆಚ್ಚಿದೆ. ಉಳಿದದ್ದು ಮೇಲ್ಮೈಯಲ್ಲಿ ನಿಂತು ತೊಳೆಯುವಾಗ ಹೋಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಫಲ ಎಂದು 50, 60 ನ್ಯಾನೊಮೀಟರಿಗೆ ಹೋಗುವ ಆಸೆ ಬಂದಾಗ ಈ ಲೆಕ್ಕವನ್ನು ತೆರೆದಿಡಿ. 0, 5, 10, 15, 25 ನ್ಯಾನೊಮೀಟರಿನ ಐದು ಮಾದರಿಗಳು ಒಂದು ಸರಣಿಗೆ ಸಾಕು.

ಸಿಐಜಿಎಸ್ ಬೆಳೆಸಿದ ಮೇಲೆ, ಸಾಧ್ಯವಿದ್ದರೆ ಚೇಂಬರನ್ನು ತೆರೆಯದೆ, ಮಾದರಿಯನ್ನು 350 ಡಿಗ್ರಿಗೆ ಇಳಿಸಿ ನಿಲ್ಲಿಸಿರಿ. ಸೆಲೆನಿಯಂ ಆವಿ ಹರಿಯುತ್ತಲೇ ಇರಬೇಕು, ಇಲ್ಲವಾದರೆ ಈ ಉಷ್ಣತೆಯಲ್ಲಿ ಮೇಲ್ಮೈ ಸೆಲೆನಿಯಂ ಕಳೆದುಕೊಳ್ಳುತ್ತದೆ. ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್ ಬೋಟಿನಲ್ಲಿ (ಲವಣ ಕಾಯಿಸುವ ಲೋಹದ ಪುಟ್ಟ ತಟ್ಟೆ) ಇಟ್ಟ ಸೋಡಿಯಂ ಫ್ಲೋರೈಡನ್ನು ಶಟರ್ ಮುಚ್ಚಿ ನಿಧಾನವಾಗಿ ಕಾಯಿಸಿ, ಲೇಪದ ದಪ್ಪ ಅಳೆಯುವ ಕ್ವಾರ್ಟ್ಜ್ ಮಾನಿಟರಿನಲ್ಲಿ ನಿಮಿಷಕ್ಕೆ 1ರಿಂದ 2 ನ್ಯಾನೊಮೀಟರ್ ವೇಗ ಸ್ಥಿರವಾಗಿ ಕಂಡ ಮೇಲಷ್ಟೇ ಶಟರ್ ತೆರೆಯಿರಿ. ಲೇಪ ಮುಗಿದ ಮೇಲೆ ಅದೇ ಉಷ್ಣತೆಯಲ್ಲಿ 20 ನಿಮಿಷ ಇಟ್ಟು, ನಂತರ ತಣಿಸಬೇಕು. ನಡುವೆ ಕರೆಂಟ್ ಹೋದರೆ ಆ ಮಾದರಿಯನ್ನು ಸರಣಿಯಿಂದ ತೆಗೆಯಿರಿ, ಉಳಿಸಿಕೊಳ್ಳುವ ಪ್ರಯತ್ನ ಬೇಡ; ಎಷ್ಟು ಹೊತ್ತು ಯಾವ ಉಷ್ಣತೆಯಲ್ಲಿ ಇತ್ತೆಂದು ಗೊತ್ತಿಲ್ಲದ ಮಾದರಿ ಗ್ರಾಫಿನ ಮೇಲೆ ಸುಳ್ಳು ಬಿಂದುವಾಗುತ್ತದೆ. ಆವಿ ಮೂಲ ಒಂದೇ ಇರುವ ಚೇಂಬರಾದರೆ, ಫ್ಲೋರೈಡನ್ನು ಕೋಣೆಯ ಉಷ್ಣತೆಯಲ್ಲಿ ಲೇಪಿಸಿ, ಆಮೇಲೆ ಮುಚ್ಚಳವಿರುವ ಗ್ರಾಫೈಟ್ ಪೆಟ್ಟಿಗೆಯಲ್ಲಿ ಸೆಲೆನಿಯಂ ಗುಳಿಗೆಯೊಡನೆ 350ರಿಂದ 400 ಡಿಗ್ರಿಯಲ್ಲಿ ಕಾಯಿಸಬಹುದು. ಕುಲುಮೆಯ ಹೊಗೆ ಫ್ಯೂಮ್ ಹುಡ್‌ಗೆ ಹೋಗಲೇಬೇಕು. ಹೈಡ್ರೋಜನ್ ಸೆಲೆನೈಡ್ ಅನಿಲದ ತಂಟೆಗೆ ಕಾಲೇಜಿನವರು ಹೋಗಲೇಬಾರದು, ಅದು ಪ್ರಾಣ ತೆಗೆಯುವ ವಿಷ.

ಪೊಟ್ಯಾಸಿಯಂ ಸರಣಿ ಮಾಡುವವರು ಮೊದಲು ಸೋಡಿಯಂ ಸರಣಿ ಮುಗಿಸಿ, ಅದರಲ್ಲಿ ಉತ್ತಮವೆಂದು ಕಂಡ ದಪ್ಪವನ್ನು ಕೊಟ್ಟ ಮೇಲೆ ಪೊಟ್ಯಾಸಿಯಂ ಫ್ಲೋರೈಡ್ ಹಾಕಬೇಕು. ಇದು ಗಾಳಿಯ ತೇವವನ್ನು ಹೀರಿ ತಾನೇ ನೀರಾಗುವ ಲವಣ. ರುಬಿಡಿಯಂ, ಸೀಸಿಯಂ ಫ್ಲೋರೈಡುಗಳದೂ ಅದೇ ಸ್ವಭಾವ. ನಮ್ಮದು ಒಣ ಸೀಮೆಯಾದರೂ ಮುಂಗಾರಿನ ತಿಂಗಳುಗಳಲ್ಲಿ ಬಾಟಲಿಯನ್ನು ಡೆಸಿಕೇಟರಿನಲ್ಲೇ ಇಡಬೇಕು. ತೇವವಿರುವ ಲವಣವನ್ನು ಒಮ್ಮೆಲೇ ಕಾಯಿಸಿದರೆ ಬೋಟಿನಿಂದ ಸಿಡಿದು ಮಾದರಿಯ ಮೇಲೆ ಚುಕ್ಕೆಗಳಾಗುತ್ತವೆ. ನಿರ್ವಾತದಲ್ಲಿ ಮೊದಲು 150-200 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿಕೊಳ್ಳಿ.

ಉಪಚಾರ ಮುಗಿದ ಪದರವನ್ನು ಗಾಳಿಯಲ್ಲಿ ಬಿಟ್ಟರೆ ಮೇಲ್ಮೈಯ ಸೋಡಿಯಂ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹಿಡಿದು ಕಾರ್ಬೊನೇಟ್ ಆಗುತ್ತದೆ. ಆದ್ದರಿಂದ ಹೊರತೆಗೆದ ಕೆಲವೇ ನಿಮಿಷಗಳಲ್ಲಿ ತೆಳುವಾದ ಅಮೋನಿಯಾ ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ, ಅಯಾನುರಹಿತ ನೀರಿನಲ್ಲಿ ತೊಳೆದು, ನೇರವಾಗಿ 60-70 ಡಿಗ್ರಿಯ, ಕ್ಯಾಡ್ಮಿಯಂ ಸಲ್ಫೈಡ್ ಲೇಪಿಸುವ ದ್ರಾವಣಕ್ಕೆ ಇಳಿಸಿರಿ. ಆ ದ್ರಾವಣ ಮೊದಲೇ ಸಿದ್ಧವಿರಬೇಕು. ಸೋಡಿಯಂ ಕೊಡದ ಮಾದರಿಯನ್ನೂ ಇದೇ ರೀತಿ ಕಾಯಿಸಿ, ಅದ್ದಿ, ತೊಳೆಯಬೇಕು. ಇಲ್ಲವಾದರೆ ಹೋಲಿಕೆ ನಿಲ್ಲುವುದಿಲ್ಲ. ಮೇಲ್ಮೈ ಶುದ್ಧಿಗೆ ಪೊಟ್ಯಾಸಿಯಂ ಸಯನೈಡ್ ಬಳಸುವ ಪದ್ಧತಿ ಕೆಲವೆಡೆ ಇದೆ. ವಿಷದ ಅಪಾಯದ ಜೊತೆಗೆ ಅದು ಪೊಟ್ಯಾಸಿಯಂ ಅನ್ನೂ ತರುವುದರಿಂದ ಈ ಪ್ರಯೋಗಕ್ಕೆ ಬೇಡ.

ನಿರ್ವಾತ ಚೇಂಬರ್ ಇಲ್ಲದವರು ತಾಮ್ರ-ಸತು-ತವರ-ಗಂಧಕದ ಸಿಝಡ್‌ಟಿಎಸ್ ಪದರದಲ್ಲಿ ಕೆಲಸ ಮಾಡಬಹುದು. ತಾಮ್ರ ಮತ್ತು ಸತುವಿನ ಅಸಿಟೇಟ್, ತವರದ ಕ್ಲೋರೈಡ್, ಥಯೋಯೂರಿಯಾಗಳನ್ನು ಮೆಥಾಕ್ಸಿಎಥನಾಲ್‌ನಲ್ಲಿ ಕರಗಿಸಿ, ತಿರುಗಿಸಿ ಲೇಪಿಸಿ, ಗಂಧಕದ ಜೊತೆ ಗ್ರಾಫೈಟ್ ಪೆಟ್ಟಿಗೆಯಲ್ಲಿ 550 ಡಿಗ್ರಿ ಆಸುಪಾಸು ಕಾಯಿಸುವ ವಿಧಾನ ನಮ್ಮಲ್ಲಿ ಕೈಗೆಟುಕುವಂತಹದು. ಸೋಡಿಯಂ ಕ್ಲೋರೈಡನ್ನು ತಾಮ್ರದ ಶೇ. 0.5, 1, 2, 5ರಷ್ಟು ದ್ರಾವಣಕ್ಕೇ ಬೆರೆಸಿದರಾಯಿತು. ಸೋಡಿಯಂ ಇಲ್ಲಿ ಹರಳುಕಣಗಳನ್ನು ದೊಡ್ಡದು ಮಾಡುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವುದರಿಂದ ಪ್ರಾಜೆಕ್ಟಿಗೆ ಇದು ಒಳ್ಳೆಯ ಆಯ್ಕೆ. ದಕ್ಷತೆಯ ನಿರೀಕ್ಷೆ ಮಾತ್ರ ಬೇರೆ: 2013ರಲ್ಲಿ ಸೆಲೆನಿಯಂ ಬೆರೆತ ಇದೇ ಜಾತಿಯ ಕೋಶದಲ್ಲಿ ಐಬಿಎಂ ಪಡೆದದ್ದು ಶೇ. 12.6.

ಅಳತೆ

ಪ್ರಮಾಣಿತ ಅಳತೆ 25 ಡಿಗ್ರಿಯದು. ಮೇ ತಿಂಗಳ ಮಧ್ಯಾಹ್ನ ಎ.ಸಿ. ಇಲ್ಲದ ಕೋಣೆಯಲ್ಲಿ ಕೋಶ 38 ಡಿಗ್ರಿಯಲ್ಲಿದ್ದರೆ, ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ 26 ಮಿಲಿವೋಲ್ಟ್ ಕಡಿಮೆ ಕಾಣುತ್ತದೆ. ಸೋಡಿಯಂನಿಂದ ನಿರೀಕ್ಷಿಸಿದ 60 ಮಿಲಿವೋಲ್ಟಿನ ಅರ್ಧದಷ್ಟನ್ನು ಸೆಖೆಯೇ ನುಂಗಿಹಾಕಬಲ್ಲದು. ಬೆಳಿಗ್ಗೆ ಒಂದು ಮಾದರಿ, ಮಧ್ಯಾಹ್ನ ಇನ್ನೊಂದು ಅಳೆದು ಹೋಲಿಸಿದವರ ಗ್ರಾಫುಗಳನ್ನು ನಾನು ನೋಡಿದ್ದೇನೆ. ಅವು ಸೋಡಿಯಂ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೋಶದ ಕೆಳಗೆ ನೀರು ಹರಿಯುವ ತಾಮ್ರದ ಫಲಕ ಇಟ್ಟು, ಕೋಶದ ಉಷ್ಣತೆಯನ್ನು ಥರ್ಮೋಕಪಲ್‌ನಿಂದ ಓದಿ, ಪ್ರತಿ ಅಳತೆಯ ಪಕ್ಕದಲ್ಲಿ ಬರೆಯಿರಿ. ಪ್ರತಿ ಗಾಜಿನ ಮೇಲೆ ಕನಿಷ್ಠ ಎಂಟು ಸಣ್ಣ ಕೋಶಗಳನ್ನು ಮಾಡಿ, ಅತ್ಯುತ್ತಮವಾದ ಒಂದನ್ನಲ್ಲ, ಎಂಟರ ನಡುವಿನ ಬೆಲೆಯನ್ನು (ಮೀಡಿಯನ್) ಹೋಲಿಸಬೇಕು.

ಫಲಿತಾಂಶ ಓದುವಾಗ ಯಾವುದು ಬದಲಾಯಿತು ಎಂಬುದು ಎಷ್ಟು ಬದಲಾಯಿತು ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ಸೋಡಿಯಂ ಸರಿಯಾಗಿ ಸೇರಿದ್ದರೆ ವೋಲ್ಟೇಜು ಮತ್ತು ಫಿಲ್ ಫ್ಯಾಕ್ಟರ್ (ಗರಿಷ್ಠ ವೋಲ್ಟೇಜು, ಗರಿಷ್ಠ ಪ್ರವಾಹಗಳ ಗುಣಲಬ್ಧದಲ್ಲಿ ನಿಜಕ್ಕೂ ಸಿಗುವ ವಿದ್ಯುತ್ತಿನ ಪಾಲು) ಏರುತ್ತವೆ, ವಿದ್ಯುತ್ ಪ್ರವಾಹ ಹೆಚ್ಚೇನೂ ಬದಲಾಗುವುದಿಲ್ಲ. ಪ್ರವಾಹವೇ ತುಂಬಾ ಏರಿದರೆ ಪದರದ ದಪ್ಪ ಅಥವಾ ಕ್ಯಾಡ್ಮಿಯಂ ಸಲ್ಫೈಡ್ ಬದಲಾಗಿದೆಯೇ ಎಂದು ಮೊದಲು ನೋಡಿರಿ. ವೋಲ್ಟೇಜು ಹೆಚ್ಚಿ ಫಿಲ್ ಫ್ಯಾಕ್ಟರ್ ಕುಸಿದು, ಪ್ರವಾಹದ ರೇಖೆ ಮೇಲ್ತುದಿಯಲ್ಲಿ ಬಾಗಿದರೆ ಭಾರದ ಕ್ಷಾರ ಲೋಹ ಅತಿಯಾಗಿ, ಮೇಲ್ಮೈ ಪದರ ವಿದ್ಯುತ್ತಿಗೆ ತಡೆಗೋಡೆಯಾಗಿದೆ ಎಂದು ಶಂಕಿಸಬೇಕು. ಕೆಪ್ಯಾಸಿಟೆನ್ಸ್ ಅಳತೆಯಿಂದ ಕುಳಿಗಳ ಸಾಂದ್ರತೆ ಸಿಗುತ್ತದೆ. ಅದು ಏರದೆ ವೋಲ್ಟೇಜು ಮಾತ್ರ ಏರಿದ್ದರೆ ಕಾರಣ ಕಣಗಳ ಗಡಿಯಲ್ಲೋ ಸಂಧಿಯಲ್ಲೋ ಇದೆ. ಕ್ಷಾರ ಲೋಹ ಆಳದಲ್ಲಿ ಹೇಗೆ ಹಂಚಿದೆ ಎಂಬುದಕ್ಕೆ ಅಯಾನು ದ್ರವ್ಯರಾಶಿ ವಿಶ್ಲೇಷಣೆ (ಸಿಮ್ಸ್) ಬೇಕು, ಅದಕ್ಕಾಗಿ ಮಾದರಿಯನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ಸೋಡಿಯಂ ಅಲೆದಾಡುವ ಲೋಹ. ಬಿಸಿಲಿನಲ್ಲಿ, ಹೆಚ್ಚಿನ ವೋಲ್ಟೇಜಿನಲ್ಲಿ ಫಲಕದ ಗಾಜಿನಿಂದಲೂ ಹೊರಟು ಕೋಶವನ್ನು ಕೆಡಿಸುತ್ತದೆ. ನಮ್ಮ ಬಯಲಿನ ಬಿಸಿಲನ್ನು ಬಲ್ಲವರು ಮೊದಲ ದಿನದ ಅಳತೆಗೇ ನಿಲ್ಲದೆ, 85 ಡಿಗ್ರಿಯಲ್ಲಿ ಕೆಲವು ನೂರು ಗಂಟೆ ಇಟ್ಟು ಮತ್ತೆ ಅಳೆಯಬೇಕೆಂದು ನನ್ನ ಕೋರಿಕೆ.

ತೊಳೆದ ನೀರು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಈಗಾಗಲೇ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಲ್ಲು ಕಂದಿದ ಮಕ್ಕಳನ್ನು ನಾವು ನೋಡಿಯೇ ಬೆಳೆದಿದ್ದೇವೆ. ಮಾದರಿಯ ಮೇಲಿನ ಫ್ಲೋರೈಡ್ ಕೆಲವೇ ಮೈಕ್ರೊಗ್ರಾಂ ಆದರೂ ಬೋಟ್ ಮತ್ತು ಚೇಂಬರ್ ತೊಳೆದ ನೀರಿನ ಮಾತು ಬೇರೆ. ಬೋಟಿನಲ್ಲಿ ಉಳಿದ 100 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ನೀರಿನಲ್ಲಿ ತೊಳೆದರೆ 45 ಮಿಲಿಗ್ರಾಂ ಫ್ಲೋರೈಡ್, ಅಂದರೆ ಮಿತಿಯ ಮೂವತ್ತು ಪಟ್ಟು. ಇದನ್ನು ಸಿಂಕಿಗೆ ಸುರಿಯಕೂಡದು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಂಗ್ರಹಿಸಿ, ಸುಣ್ಣದ ತಿಳಿ ಹಾಕಿ ಕಲಕಿ ಒಂದು ರಾತ್ರಿ ಬಿಟ್ಟರೆ ಕ್ಯಾಲ್ಸಿಯಂ ಫ್ಲೋರೈಡ್ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರಿನಲ್ಲಿಯೂ ಲೀಟರಿಗೆ ಕೆಲವು ಮಿಲಿಗ್ರಾಂ ಉಳಿಯುವುದರಿಂದ ಅದನ್ನೂ ಹೊರಗೆ ಚೆಲ್ಲದೆ ಆವಿಯಾಗಿಸಿ, ಗಷ್ಟನ್ನು ಒಣಗಿಸಿ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು. ಈ ಕ್ಯಾನಿಗೆ ಆಮ್ಲ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಕ್ಯಾಡ್ಮಿಯಂ ದ್ರಾವಣಕ್ಕೆ ಬೇರೆ ಕ್ಯಾನ್ ಇರಲಿ, ಎರಡರ ಮೇಲೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿರಲಿ. ಸಂಜೆ ಕೋಣೆ ಗುಡಿಸಲು ಬರುವವರು ಓದುವುದು ಆ ಹೆಸರನ್ನೇ.